ರನ್ನಿಂಗ್ ಸ್ಟಾರ್ಟ್ ಸೇರಿಸಬೇಕೇ, ಎಪಿ ಸಾಕೇ? ಹನ್ನೊಂದನೇ ತರಗತಿಗೆ ಹೋಗಲಿರುವ ಮಗಳ ವಿಚಾರ

ಸುಮಾ_ಬಾಥೆಲ್

ಎಲ್ಲರಿಗೂ ನಮಸ್ಕಾರ. ನಾವು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿದ್ದೇವೆ. ಮಗಳು ಈಗ ಹತ್ತನೇ ತರಗತಿ. ಮುಂದಿನ ವರ್ಷದ ವಿಷಯಗಳನ್ನು ಆರಿಸಿ ಕೊಡಬೇಕಾದ ಹಾಳೆ ಮನೆಗೆ ಬಂದಿದೆ, ಗಡುವು ಹತ್ತಿರವಾಗುತ್ತಿದೆ. ರನ್ನಿಂಗ್ ಸ್ಟಾರ್ಟ್ ಎಂಬ ಕಾರ್ಯಕ್ರಮದಲ್ಲಿ ಹನ್ನೊಂದು ಮತ್ತು ಹನ್ನೆರಡನೇ ತರಗತಿಯ ಮಕ್ಕಳು ಕಮ್ಯುನಿಟಿ ಕಾಲೇಜಿಗೆ (ಸ್ಥಳೀಯ ಸರ್ಕಾರಿ ಕಾಲೇಜು) ಹೋಗಿ ಪಾಠ ಕೇಳಬಹುದು, ಬೋಧನಾ ಶುಲ್ಕವಿಲ್ಲ, ಅದೇ ಪಾಠ ಹೈಸ್ಕೂಲಿಗೂ ಲೆಕ್ಕಕ್ಕೆ ಬರುತ್ತದೆ ಎಂದು ಕೌನ್ಸೆಲರ್ ವಿವರಿಸಿದರು. ಮನೆಯವರಿಗೆ ಇದು ಸ್ವಲ್ಪವೂ ಇಷ್ಟವಿಲ್ಲ. ‘ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠ) ತೆಗೆದುಕೊಳ್ಳಲಿ, ಶಾಲೆಯಲ್ಲೇ ಇರಲಿ’ ಎನ್ನುತ್ತಾರೆ. ಪಕ್ಕದ ಮನೆಯ ಹುಡುಗ ಎರಡೂ ವರ್ಷ ಕಾಲೇಜಿಗೇ ಹೋಗಿ ಹೈಸ್ಕೂಲ್ ಡಿಪ್ಲೊಮಾದ ಜೊತೆಗೇ ಎರಡು ವರ್ಷದ ಅಸೋಸಿಯೇಟ್ ಪದವಿಯನ್ನೂ ಪಡೆದ. ಅದನ್ನು ನೋಡಿದಾಗಿನಿಂದ ಮಗಳಿಗೆ ಅದೇ ಆಸೆ.

ಅವಳಿಗೆ ಜೀವಶಾಸ್ತ್ರ ಇಷ್ಟ, ಬರವಣಿಗೆಯೂ ಇಷ್ಟ. ಯಾವ ಕಾಲೇಜು, ಯಾವ ಪದವಿ ಎಂಬುದು ಇನ್ನೂ ನಿರ್ಧಾರವಾಗಿಲ್ಲ. ನನಗೆ ಬೇಕಿರುವುದು ಮಾಡಿ ಮುಗಿಸಿದವರ ಅನುಭವ. ಅಲ್ಲಿ ಗಳಿಸಿದ ಕ್ರೆಡಿಟ್‌ಗಳು (ಪಾಠ ಮುಗಿಸಿದ್ದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಘಟಕಗಳು) ಮುಂದೆ ನಿಜವಾಗಿ ಉಪಯೋಗಕ್ಕೆ ಬಂದವೇ?

ರವಿಕಿರಣ_ಸಮಾಮಿಶ್

ನಿಮ್ಮ ಮನೆಯವರ ಮಾತು ಸರಿ. ಎಪಿ ಪರೀಕ್ಷೆ ದೇಶಕ್ಕೆಲ್ಲ ಒಂದೇ. 1 ರಿಂದ 5 ರವರೆಗಿನ ಅಂಕ, ಯಾವ ರಾಜ್ಯದ ಕಾಲೇಜಿಗೆ ಹೋದರೂ ಅದರ ಅರ್ಥ ಗೊತ್ತು. ಕಮ್ಯುನಿಟಿ ಕಾಲೇಜಿನ ಒಂದು ಪಾಠದ ಮಟ್ಟವನ್ನು ಮ್ಯಾಸಚೂಸೆಟ್ಸ್‌ನಲ್ಲಿ ಕುಳಿತವರು ಹೇಗೆ ಅಳೆಯಬೇಕು? ಇನ್ನೊಂದು ಮುಖ್ಯ ವಿಷಯವೂ ಇದೆ. ಎಪಿ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಕಳುಹಿಸದೆ ಇರಬಹುದು. ಕಾಲೇಜಿನಲ್ಲಿ ಬಂದ ಗ್ರೇಡನ್ನು ಹಾಗೆ ಬಚ್ಚಿಡಲು ಆಗುವುದಿಲ್ಲ. ನನ್ನ ಇಬ್ಬರು ಮಕ್ಕಳೂ ಎಪಿ ದಾರಿಯಲ್ಲೇ ಹೋದರು, ಇಬ್ಬರಿಗೂ ಒಳ್ಳೆಯದೇ ಆಗಿದೆ.

ಶ್ವೇತಾ_ಟಕೋಮಾ

ನಾನು ಅಮ್ಮನೂ ಅಲ್ಲ, ಅಪ್ಪನೂ ಅಲ್ಲ. ರನ್ನಿಂಗ್ ಸ್ಟಾರ್ಟ್‌ನಲ್ಲೇ ಓದಿ ಬಂದವಳು, ಹಾಗಾಗಿ ನನ್ನ ಮಾತನ್ನೂ ಕೇಳಿ.

ಹನ್ನೊಂದು, ಹನ್ನೆರಡು ಎರಡೂ ವರ್ಷ ಪೂರ್ತಿ ಕಾಲೇಜಿನಲ್ಲೇ ಇದ್ದೆ. ನಮ್ಮ ರಾಜ್ಯದಲ್ಲಿ 5 ಕ್ವಾರ್ಟರ್ ಕ್ರೆಡಿಟ್‌ನ ಒಂದು ಕಾಲೇಜು ಪಾಠ ಹೈಸ್ಕೂಲಿನ ಒಂದು ಪೂರ್ತಿ ಕ್ರೆಡಿಟ್‌ಗೆ ಸಮ. ಶಾಲೆಯಲ್ಲಿ ಇಡೀ ವರ್ಷ ಓದುವುದು ಅಲ್ಲಿ ಒಂದು ಕ್ವಾರ್ಟರ್‌ನಲ್ಲಿ, ಅಂದರೆ ಮೂರು ತಿಂಗಳೊಳಗೆ, ಮುಗಿಯುತ್ತದೆ. 90 ಕ್ರೆಡಿಟ್‌ಗಳೊಂದಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದೆ. ಅಲ್ಲಿ ಪದವಿಗೆ ಬೇಕಿರುವುದು 180. ಅರ್ಧ ದಾರಿ ಸವೆದಿತ್ತು. ಬೋಧನಾ ಶುಲ್ಕವೇ ವರ್ಷಕ್ಕೆ 12 ಸಾವಿರ ಡಾಲರ್ ದಾಟುವ ಕಡೆ ಎರಡು ವರ್ಷ ಉಳಿಯುವುದೆಂದರೆ ನಮ್ಮಂಥ ಮನೆಗೆ ಸಣ್ಣ ವಿಷಯವಲ್ಲ. ಅಪ್ಪ ಆಗ ಕೆಲಸ ಕಳೆದುಕೊಂಡಿದ್ದರು.

‘ವರ್ಗಾವಣೆ ವಿದ್ಯಾರ್ಥಿ ಎಂದು ಲೆಕ್ಕ ಹಾಕುತ್ತಾರೆ, ಮೊದಲ ವರ್ಷದವರಿಗೆ ಇರುವ ವಿದ್ಯಾರ್ಥಿವೇತನ ಸಿಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಷ್ಟೇ ಕ್ರೆಡಿಟ್ ಇದ್ದರೂ ರನ್ನಿಂಗ್ ಸ್ಟಾರ್ಟ್ ಮಕ್ಕಳು ಅಲ್ಲಿಗೆ ಮೊದಲ ವರ್ಷದ ವಿದ್ಯಾರ್ಥಿಗಳಾಗಿಯೇ ಅರ್ಜಿ ಹಾಕುತ್ತಾರೆ.

ರವಿಕಿರಣ_ಸಮಾಮಿಶ್

ಶ್ವೇತಾ, ನಿಮ್ಮ ವಿಷಯದಲ್ಲಿ ಸರಿಹೋಯಿತು, ಸಂತೋಷ. ಆದರೆ 90 ಕ್ರೆಡಿಟ್ ಒಪ್ಪಿಕೊಳ್ಳುವುದು ಬೇರೆ, ಎರಡು ವರ್ಷದಲ್ಲಿ ಪದವಿ ಮುಗಿಯುವುದು ಬೇರೆ. ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್‌ನಲ್ಲಿ ಒಂದು ಪಾಠ ಮುಗಿದ ಮೇಲೇ ಇನ್ನೊಂದು, ಅದು ಮುಗಿದ ಮೇಲೇ ಮತ್ತೊಂದು. ಮನೋವಿಜ್ಞಾನ, ಸಮಾಜಶಾಸ್ತ್ರ, ಸಾರ್ವಜನಿಕ ಭಾಷಣ ಎಂದು ಕ್ರೆಡಿಟ್ ತುಂಬಿಸಿಕೊಂಡು ಬಂದವರು ಮೇಜರ್‌ನ (ಪದವಿಯ ಮುಖ್ಯ ವಿಷಯದ) ಮೊದಲ ಮೆಟ್ಟಿಲಲ್ಲೇ ನಿಂತಿರುತ್ತಾರೆ.

ಶ್ವೇತಾ_ಟಕೋಮಾ

ಅದನ್ನು ಒಪ್ಪುತ್ತೇನೆ. ನಾನು ಓದಿದ್ದು ಇತಿಹಾಸ, ಆದ್ದರಿಂದ ನನಗೆ ತೊಡಕಾಗಲಿಲ್ಲ. ನನ್ನ ಜೊತೆಗಿದ್ದ ಗೆಳತಿ ಜೀವರಸಾಯನ ಓದಲು ಹೋಗಿ ಮೂರೂವರೆ ವರ್ಷ ತೆಗೆದುಕೊಂಡಳು.

ಮಂಜುನಾಥ_ಮೇಷ್ಟ್ರು

ವಾಷಿಂಗ್ಟನ್‌ನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಪ್ರತಿ ಕ್ವಾರ್ಟರ್‌ನಲ್ಲೂ ಹದಿನಾರು, ಹದಿನೇಳು ವರ್ಷದ ಮಕ್ಕಳಿರುತ್ತಾರೆ. ರವಿಕಿರಣ್ ಅವರು ‘ಮಟ್ಟ’ ಎಂದಿದ್ದಕ್ಕೆ ಮೊದಲು ಉತ್ತರಿಸುತ್ತೇನೆ. ನಾನು ಕಲಿಸುವ ಕ್ಯಾಲ್ಕುಲಸ್ 151ರ ಸಂಕೇತದಲ್ಲಿ ವಿಷಯದ ಹೆಸರಿನ ಪಕ್ಕ ‘&’ ಚಿಹ್ನೆ ಇರುತ್ತದೆ. ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಆ ಪಾಠ ಒಂದೇ ಎಂಬುದಕ್ಕೆ ಅದೇ ಗುರುತು. ವಿಷಯ ಆರಿಸುವಾಗ ಆ ಗುರುತನ್ನು ನೋಡಿಕೊಳ್ಳಿ. ನನ್ನ ಪ್ರಶ್ನೆಪತ್ರಿಕೆ ಹದಿನಾರರ ಹುಡುಗನಿಗೂ, ಸೈನ್ಯದಿಂದ ನಿವೃತ್ತನಾಗಿ ಓದಲು ಬಂದ ನಲವತ್ತರವನಿಗೂ ಒಂದೇ.

ಈಗ ಪೋಷಕರಿಗೆ ಹೇಳಬೇಕಾದದ್ದು. ಕ್ವಾರ್ಟರ್ ಎಂದರೆ ಹತ್ತು ಹನ್ನೊಂದು ವಾರ, ಅಷ್ಟೇ. ಮೂರನೇ ವಾರಕ್ಕೆ ಮೊದಲ ಪರೀಕ್ಷೆ ಬಂದಿರುತ್ತದೆ. ಒಲೆಯ ಮೇಲಿಟ್ಟ ಹಾಲಿನ ಹಾಗೆ, ಕ್ಷಣ ಆಚೆ ತಿರುಗಿದರೆ ಉಕ್ಕಿ ಹೋಗುತ್ತದೆ. ಜ್ವರ ಬಂದು ಒಂದು ವಾರ ತಪ್ಪಿದ ಮಗು ಶಾಲೆಯಲ್ಲಾದರೆ ಸುಧಾರಿಸಿಕೊಳ್ಳುತ್ತದೆ. ಇಲ್ಲಿ ಒಂದು ಅಧ್ಯಾಯವೇ ದಾಟಿ ಹೋಗಿರುತ್ತದೆ. ಮನೆಗೆಲಸ ಒಪ್ಪಿಸಿಲ್ಲ ಎಂದು ನಾನು ಮನೆಗೆ ಫೋನ್ ಮಾಡುವುದಿಲ್ಲ. ಮಾಡುವ ಹಾಗೂ ಇಲ್ಲ. ಕಾಲೇಜಿಗೆ ಸೇರಿದ ದಿನವೇ ಅಲ್ಲಿಯ ಓದಿನ ದಾಖಲೆಗಳ ಹಕ್ಕು ಕೇಂದ್ರದ ಫೆರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿಯದಾಗುತ್ತದೆ, ವಯಸ್ಸು ಹದಿನಾರೇ ಇರಲಿ. ‘ನನ್ನ ಮಗ ಹೇಗೆ ಓದುತ್ತಿದ್ದಾನೆ’ ಎಂದು ನಮ್ಮ ಕಡೆಯ ತಂದೆಯೊಬ್ಬರು ನನಗೆ ಕನ್ನಡದಲ್ಲೇ ಇಮೇಲ್ ಬರೆದಿದ್ದರು. ‘ನಿಮ್ಮ ಮಗನನ್ನೇ ಕೇಳಿ’ ಎನ್ನುವುದರ ಹೊರತು ನನಗೆ ಬೇರೆ ದಾರಿ ಇರಲಿಲ್ಲ. ಅವರಿಗೆ ಬೇಸರವಾಯಿತು.

ಯಾವ ಮಕ್ಕಳು ಗೆಲ್ಲುತ್ತಾರೆ? ಜಾಣರೆಲ್ಲ ಗೆಲ್ಲುವುದಿಲ್ಲ. ಅರ್ಥವಾಗದಿದ್ದಾಗ ತಾವೇ ನಡೆದು ಬಂದು ನನ್ನ ಕೊಠಡಿಯ ಬಾಗಿಲು ತಟ್ಟುವವರು ಗೆಲ್ಲುತ್ತಾರೆ. ಸುಮಾ ಅವರೇ, ನಿಮ್ಮ ಮಗಳು ಬಾಗಿಲು ತಟ್ಟುವ ಹುಡುಗಿಯೇ?

ಸುಮಾ_ಬಾಥೆಲ್

ಮೇಷ್ಟ್ರೇ, ಅದು ಒಳ್ಳೆಯ ಪ್ರಶ್ನೆ. ನಾಚಿಕೆ ಸ್ವಭಾವದವಳು. ಶಿಕ್ಷಕರ ಹತ್ತಿರ ಮಾತನಾಡುತ್ತಾಳೆ, ಆದರೆ ಪರಿಚಯವಾಗಲು ಸ್ವಲ್ಪ ಕಾಲ ಬೇಕು.

ವಾಣಿ_ಮಿನ್ನಿಯಾಪೊಲಿಸ್

ನಮ್ಮ ಮಿನ್ನೆಸೋಟದಲ್ಲಿ ಇದನ್ನು ಪಿಎಸ್‌ಇಒ ಎನ್ನುತ್ತಾರೆ. 1985ರಲ್ಲಿ ಆರಂಭವಾಯಿತು, ಇಡೀ ದೇಶದಲ್ಲಿ ಇಂಥ ಮೊದಲ ರಾಜ್ಯ ಕಾರ್ಯಕ್ರಮ ನಮ್ಮದೇ. ಇಲ್ಲಿ ಬೋಧನಾ ಶುಲ್ಕ ಮಾತ್ರವಲ್ಲ, ಪಠ್ಯಪುಸ್ತಕದ ಖರ್ಚೂ ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ. ವಾಷಿಂಗ್ಟನ್‌ನಲ್ಲಿ ಪುಸ್ತಕಕ್ಕೆ ನೀವೇ ಹಣ ಕೊಡಬೇಕು ಅಲ್ಲವೇ?

ಶ್ವೇತಾ_ಟಕೋಮಾ

ಹೌದು. ಪುಸ್ತಕ, ಪ್ರಯೋಗಾಲಯದ ಶುಲ್ಕ, ಓಡಾಟ ಎಲ್ಲವೂ ನಮ್ಮದೇ. ವರಮಾನ ಕಡಿಮೆ ಇದ್ದರೆ ಶುಲ್ಕ ಮಾಫಿ ಇದೆ, ಕೇಳಿ ಪಡೆಯಬೇಕು. ಪುಸ್ತಕಗಳನ್ನು ಗ್ರಂಥಾಲಯದಿಂದ ಎರವಲು ಪಡೆಯುವ ವ್ಯವಸ್ಥೆ ನಮ್ಮ ಕಾಲೇಜಿನಲ್ಲಿತ್ತು, ಆದರೆ ಮೊದಲ ದಿನವೇ ಓಡಬೇಕಿತ್ತು. ಇನ್ನೊಂದು: ಶಾಲೆ, ಕಾಲೇಜು ಎರಡೂ ಸೇರಿ ಪೂರ್ಣಾವಧಿಯ 1.4 ಪಟ್ಟಿನವರೆಗೆ ಮಾತ್ರ ಉಚಿತ. ಅದನ್ನು ಮೀರಿ ಪಾಠ ಸೇರಿಸಿಕೊಂಡರೆ ಬಿಲ್ಲು ಬರುತ್ತದೆ. ಅದಕ್ಕೇ ಪ್ರತಿ ಕ್ವಾರ್ಟರ್‌ಗೂ ಕೌನ್ಸೆಲರ್ ಸಹಿ ಮಾಡಿದ ದೃಢೀಕರಣ ನಮೂನೆ ಕೇಳುತ್ತಾರೆ. ಆ ನಮೂನೆ ತಡವಾದರೆ ಬೇಕಾದ ಪಾಠದ ಸೀಟು ಹೋಗಿರುತ್ತದೆ.

ವೈದ್ಯೆ_ಕೊಲಂಬಸ್

ಮಗಳಿಗೆ ಜೀವಶಾಸ್ತ್ರ ಇಷ್ಟ ಎಂದು ಬರೆದಿದ್ದೀರಿ, ಆದ್ದರಿಂದ ಇದನ್ನು ಹೇಳಲೇಬೇಕು. ನಾಳೆ ಅವಳು ವೈದ್ಯಕೀಯಕ್ಕೆ ಹೋಗುತ್ತೇನೆ ಎಂದರೆ ಅರ್ಜಿ ಹಾಕುವುದು ಎಎಂಸಿಎಎಸ್ ಎಂಬ ವ್ಯವಸ್ಥೆಯ ಮೂಲಕ. ಅದರಲ್ಲಿ ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಪಾಠಗಳನ್ನೂ ಒಂದೂ ಬಿಡದೆ ನಮೂದಿಸಬೇಕು, ಆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ (ಗ್ರೇಡುಗಳ ಅಧಿಕೃತ ಪಟ್ಟಿ) ಕಳುಹಿಸಬೇಕು. ಆ ಗ್ರೇಡುಗಳು ಒಟ್ಟು ಜಿಪಿಎಗೂ (ಗ್ರೇಡುಗಳ ಸರಾಸರಿ) ಸೇರುತ್ತವೆ, ವಿಜ್ಞಾನದ ಜಿಪಿಎಗೂ ಸೇರುತ್ತವೆ. ಪಾಠವನ್ನು ಮತ್ತೊಮ್ಮೆ ಓದಿ ಎ ತೆಗೆದರೂ ಹಳೆಯ ಗ್ರೇಡ್ ಅಳಿಯುವುದಿಲ್ಲ, ಎರಡೂ ಲೆಕ್ಕಕ್ಕೆ.

ನನಗೆ ತೀರಾ ಹತ್ತಿರದ ಹುಡುಗಿಯೊಬ್ಬಳು ಹದಿನಾರಕ್ಕೆ ಸಾಮಾನ್ಯ ರಸಾಯನಶಾಸ್ತ್ರ ತೆಗೆದುಕೊಂಡಳು. ಆ ವರ್ಷ ಅಜ್ಜಿ ತೀರಿಕೊಂಡರು, ಅಮ್ಮ ಊರಿಗೆ ಹೋಗಿದ್ದರು. ಸಿ ಬಂತು. ನಂತರದ ನಾಲ್ಕು ವರ್ಷ ಅವಳು ಎಷ್ಟು ಚೆನ್ನಾಗಿ ಓದಿದಳೆಂದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೂ ಆ ಸಿ ಅರ್ಜಿಯಲ್ಲಿ ಉಳಿಯಿತು, ಸಂದರ್ಶನದಲ್ಲಿ ಅದನ್ನೇ ಕೇಳಿದರು. ಅವಳಿಗೆ ಸೀಟು ಸಿಕ್ಕಿತು, ದೇವರು ದೊಡ್ಡವನು. ಆದರೆ ಆ ಒಂದು ಅಕ್ಷರ ಅವಳಿಗೆ ಎಷ್ಟು ರಾತ್ರಿಗಳ ನಿದ್ದೆ ಕೆಡಿಸಿತು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಓಹಾಯೊದ ಕಾಲೇಜ್ ಕ್ರೆಡಿಟ್ ಪ್ಲಸ್‌ನಲ್ಲಿ ಏಳನೇ ತರಗತಿಯಿಂದಲೇ ಅವಕಾಶವಿದೆ. ಹನ್ನೆರಡು, ಹದಿಮೂರು ವರ್ಷದ ಮಗುವಿನ ಹೆಸರಲ್ಲಿ ಜೀವನಪೂರ್ತಿ ಉಳಿಯುವ ಕಾಲೇಜು ದಾಖಲೆ ತೆರೆಯುವುದು ನನಗಂತೂ ಸರಿ ಕಾಣುವುದಿಲ್ಲ. ಫೇಲಾದರೆ ಶಾಲಾ ಜಿಲ್ಲೆ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಪಾಠಕ್ಕೆ ಕೊಟ್ಟ ಹಣವನ್ನು ಪೋಷಕರಿಂದ ವಸೂಲಿ ಮಾಡಬಹುದು ಎಂಬುದನ್ನೂ ಬಹಳ ಮಂದಿ ಓದಿಕೊಂಡಿರುವುದಿಲ್ಲ.

ರವಿಕಿರಣ_ಸಮಾಮಿಶ್

ಇದನ್ನೇ ನಾನು ಹೇಳಿದ್ದು. ಎಪಿಯಲ್ಲಿ ಈ ಅಪಾಯವೇ ಇಲ್ಲ.

ವೈದ್ಯೆ_ಕೊಲಂಬಸ್

ಹಾಗೂ ಅಲ್ಲ. ಎಪಿ ಪಾಠದ ಶಾಲಾ ಗ್ರೇಡ್ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇದ್ದೇ ಇರುತ್ತದೆ. ನೀವು ಕಳುಹಿಸದೆ ಇರಬಹುದಾದದ್ದು ಮೇ ತಿಂಗಳ ಪರೀಕ್ಷೆಯ ಅಂಕ ಮಾತ್ರ. ಜೊತೆಗೆ, ಪೂರ್ವಾರ್ಹತೆಯ ವಿಜ್ಞಾನ ಪಾಠಗಳಿಗೆ ಎಪಿ ಕ್ರೆಡಿಟ್ ಒಪ್ಪದ ವೈದ್ಯಕೀಯ ಕಾಲೇಜುಗಳೂ ಇವೆ. ಅಂಥ ಕಡೆ ಜೀವಶಾಸ್ತ್ರವನ್ನು ಕಾಲೇಜಿನಲ್ಲಿ ಮತ್ತೆ ಓದಬೇಕು, ಇಲ್ಲವೇ ಅದಕ್ಕಿಂತ ಮೇಲಿನ ಪಾಠ ತೋರಿಸಬೇಕು.

ಬಸವರಾಜ_ಆಸ್ಟಿನ್

ಟೆಕ್ಸಾಸ್‌ನ ಕಥೆ ಬೇರೆ. ಇಲ್ಲಿ ರ‍್ಯಾಂಕ್ ಮುಖ್ಯ. ತರಗತಿಯಲ್ಲಿ ಮೇಲಿನ ಕೆಲವೇ ಶೇಕಡಾ ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ. ಆದ್ದರಿಂದ ನಿಮ್ಮ ಶಾಲೆ ಯಾವ ಪಾಠಕ್ಕೆ ಹೆಚ್ಚಿನ ತೂಕ ಕೊಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೆಲವು ಜಿಲ್ಲೆಗಳಲ್ಲಿ ಎಪಿಗೂ ಡ್ಯುಯಲ್ ಕ್ರೆಡಿಟ್‌ಗೂ (ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಪಾಠ) ಒಂದೇ ತೂಕ, ಕೆಲವು ಕಡೆ ಎಪಿಗೆ ಹೆಚ್ಚು.

ನಮ್ಮ ಮಗ ಆನ್‌ರ‍್ಯಾಂಪ್ಸ್ ತೆಗೆದುಕೊಂಡ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ನಡೆಸುವ ಕಾರ್ಯಕ್ರಮ ಅದು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ: ಶಾಲೆಯ ಗ್ರೇಡ್ ಬೇರೆ, ಕಾಲೇಜಿನ ಗ್ರೇಡ್ ಬೇರೆ. ಕಾಲೇಜಿನ ಗ್ರೇಡ್ ನೋಡಿದ ಮೇಲೆ ಆ ಕ್ರೆಡಿಟ್ ಬೇಕೋ ಬೇಡವೋ ಎಂದು ವಿದ್ಯಾರ್ಥಿಯೇ ತೀರ್ಮಾನಿಸಬಹುದು. ವೈದ್ಯೆ ಮೇಡಂ ಹೇಳಿದ ಭಯ ಅಲ್ಲಿಲ್ಲ.

ಇನ್ನು ನೋವಿನ ಕಥೆ. ದೊಡ್ಡ ಮಗಳು ಡ್ಯುಯಲ್ ಕ್ರೆಡಿಟ್ ಪಾಠಗಳನ್ನೆಲ್ಲ ಎ ಗ್ರೇಡಿನಲ್ಲಿ ಮುಗಿಸಿ ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋದಳು. ಒಂದೇ ಒಂದು ಕ್ರೆಡಿಟನ್ನೂ ಒಪ್ಪಲಿಲ್ಲ. ‘ಹೈಸ್ಕೂಲ್ ಮುಗಿಸಲು ಬಳಸಿಕೊಂಡ ಪಾಠಕ್ಕೆ ನಾವು ಕ್ರೆಡಿಟ್ ಕೊಡುವುದಿಲ್ಲ’ ಎಂಬ ಉತ್ತರ ಬಂತು. ಶಾಲೆಯ ಕಟ್ಟಡದಲ್ಲೇ ಪಾಠ ನಡೆದಿತ್ತು ಎಂಬುದನ್ನೂ ಎತ್ತಿ ತೋರಿಸಿದರು. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಅಧ್ಯಾಪಕರ ಅರ್ಹತೆ, ಎಲ್ಲ ಕಳುಹಿಸಿದೆವು. ಪ್ರಯೋಜನವಾಗಲಿಲ್ಲ. ಅದೇ ಪಾಠಗಳು ಟೆಕ್ಸಾಸ್‌ನ ಯಾವ ಸರ್ಕಾರಿ ವಿಶ್ವವಿದ್ಯಾಲಯದಲ್ಲಾದರೂ 42 ಗಂಟೆಗಳ ಕೋರ್ ಪಠ್ಯಕ್ರಮದ ಲೆಕ್ಕಕ್ಕೆ ಬರುತ್ತಿದ್ದವು. ಇಂದಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ಮಗು ಕಷ್ಟಪಟ್ಟು ಕಲಿತದ್ದನ್ನು ಎಲ್ಲಿ ಕುಳಿತು ಕಲಿತೆ ಎಂದು ನೋಡಿ ತಳ್ಳಿಹಾಕುವುದು ಯಾವ ನ್ಯಾಯ?

ಪದ್ಮಾ_ಫ್ರೀಮಾಂಟ್

ಬಸವರಾಜ್ ಅವರೇ, ಎಪಿ ಮಕ್ಕಳಿಗೂ ಇದೇ ಪಾಡು. ಡಾರ್ಟ್‌ಮತ್ ಕಾಲೇಜು 2018ರಲ್ಲಿ ಪದವಿ ಪಡೆಯುವ ತಂಡದಿಂದಲೇ ಎಪಿಗೆ ಪದವಿ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿತು. ಎಂಐಟಿಯಲ್ಲಿ ಕ್ಯಾಲ್ಕುಲಸ್ ಬಿಸಿ ಎಂಬ ಎಪಿ ಪರೀಕ್ಷೆಯಲ್ಲಿ 5 ಬಂದರೆ ಮೊದಲ ಗಣಿತ ಪಾಠ ಬಿಡಬಹುದು, ಆದರೆ ಬಹುಪಾಲು ಎಪಿ ವಿಷಯಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ. ‘ಎಪಿ ಎಲ್ಲ ಕಡೆ ನಡೆಯುತ್ತದೆ’ ಎಂಬ ರವಿಕಿರಣ್ ಅವರ ಮಾತು ಪ್ರವೇಶಕ್ಕೆ ನಿಜ, ಕ್ರೆಡಿಟ್‌ಗೆ ನಿಜವಲ್ಲ. ಈ ಎರಡನ್ನೂ ಬೆರೆಸಬಾರದು.

ಕ್ಯಾಲಿಫೋರ್ನಿಯಾದಲ್ಲಿ ಒಂದು ಅನುಕೂಲ ಇದೆ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು ಪ್ರವೇಶದ ಜಿಪಿಎ ಲೆಕ್ಕ ಹಾಕುವಾಗ, ವರ್ಗಾಯಿಸಬಹುದಾದ ಕಮ್ಯುನಿಟಿ ಕಾಲೇಜು ಪಾಠಕ್ಕೂ ಎಪಿಗೆ ಕೊಡುವ ಹಾಗೆಯೇ ಒಂದು ಹೆಚ್ಚುವರಿ ಅಂಕ ಕೊಡುತ್ತವೆ, ಒಂದು ಮಿತಿಯವರೆಗೆ. ಯಾವ ಪಾಠ ವರ್ಗಾವಣೆಯಾಗುತ್ತದೆ ಎಂಬುದನ್ನು ಅಸಿಸ್ಟ್ ಎಂಬ ರಾಜ್ಯದ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ ನೋಡಬಹುದು. ನನ್ನ ಮಗ ಬೇಸಿಗೆಯಲ್ಲಿ ಒಂದೊಂದೇ ಪಾಠ ತೆಗೆದುಕೊಂಡ. ಶಾಲೆ ಬಿಡಲಿಲ್ಲ, ಗೆಳೆಯರನ್ನೂ ಬಿಡಲಿಲ್ಲ. ಪೂರ್ತಿ ಇಲ್ಲಿ ಅಥವಾ ಪೂರ್ತಿ ಅಲ್ಲಿ ಎಂದು ಏಕೆ ಯೋಚಿಸಬೇಕು?

ನಾಗೇಶ್_ರೆಂಟನ್

ಇಲ್ಲಿ ಯಾರೂ ಎತ್ತದ ವಿಷಯವೊಂದಿದೆ. ನಾವು ಎಚ್-1ಬಿ ಕೆಲಸದ ವೀಸಾದಲ್ಲಿ, ಮಕ್ಕಳು ಅವಲಂಬಿತರ ಎಚ್-4 ವೀಸಾದಲ್ಲಿ. ಹಸಿರು ಕಾರ್ಡಿನ ಸರದಿ ಯಾವಾಗ ಬರುತ್ತದೋ ಹೇಳುವವರಿಲ್ಲ. ಎಚ್-4 ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇಲ್ಲ, ಫಾಫ್ಸಾ ಎಂಬ ನೆರವಿನ ಅರ್ಜಿ ತುಂಬಿ ಪೆಲ್ ಅನುದಾನವಾಗಲಿ ಸಾಲವಾಗಲಿ ಪಡೆಯುವಂತಿಲ್ಲ. 21 ತುಂಬಿದ ದಿನ ಆ ವೀಸಾವೂ ಕೈತಪ್ಪುತ್ತದೆ. ನಮ್ಮಂಥವರಿಗೆ ಹೈಸ್ಕೂಲಿನಲ್ಲಿ ಉಚಿತವಾಗಿ ಸಿಗುವ ಕಾಲೇಜು ಕ್ರೆಡಿಟ್ ಎಷ್ಟು ದೊಡ್ಡದು ಎಂದು ಪೌರತ್ವ ಇರುವವರು ಒಮ್ಮೆ ಯೋಚಿಸಿ. ದೊಡ್ಡವನು ರನ್ನಿಂಗ್ ಸ್ಟಾರ್ಟ್ ಸೇರುವಾಗ ವೀಸಾ ವಿಷಯ ಯಾರೂ ಕೇಳಲಿಲ್ಲ, ಸರ್ಕಾರಿ ಶಾಲೆಯ ವಿದ್ಯಾರ್ಥಿ ಎಂಬುದಷ್ಟೇ ಸಾಕಾಯಿತು. 20 ತುಂಬುವ ಹೊತ್ತಿಗೆ ಪದವಿ ಕೈಯಲ್ಲಿತ್ತು. ಅಸೋಸಿಯೇಟ್ ಪದವಿಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ರವಿಕಿರಣ_ಸಮಾಮಿಶ್

ನಾಗೇಶ್ ಅವರೇ, ಇದು ತೂಕದ ಮಾತು. ನಿಮ್ಮ ಪರಿಸ್ಥಿತಿಯಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಸುಮಾ ಅವರ ಮಗಳಿಗೆ ಅಂಥ ಗಡುವು ಇದೆಯೇ ಎಂಬುದು ನಮಗೆ ಗೊತ್ತಿಲ್ಲ.

ಸುಮಾ_ಬಾಥೆಲ್

ಅವಳು ಇಲ್ಲೇ ಹುಟ್ಟಿದವಳು. ಆ ಗಡುವು ಇಲ್ಲ. ಹಣದ ಚಿಂತೆ ಇದೆ, ಇನ್ನೊಬ್ಬ ಮಗ ಹಿಂದೆಯೇ ಬರುತ್ತಿದ್ದಾನೆ.

ಗುರುರಾಜ_ಧಾರವಾಡ

ಧಾರವಾಡದಿಂದ ಬರೆಯುತ್ತಿದ್ದೇನೆ. ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕನಾಗಿ ನಿವೃತ್ತನಾಗಿದ್ದೇನೆ, ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ನಿಮ್ಮ ಚರ್ಚೆ ಓದುತ್ತಾ ಒಂದು ಪ್ರಶ್ನೆ ಬಂತು. ನಮ್ಮಲ್ಲಿ ದ್ವಿತೀಯ ಪಿಯುಸಿಯಲ್ಲಿ ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಯೂ ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಅದೇ ಅವಕಲನ, ಅನುಕಲನದಿಂದ ಮತ್ತೆ ಆರಂಭಿಸುತ್ತಾಳೆ. ಮುಂದೆ ಓದಬಲ್ಲ ಮಗುವನ್ನು ನಾವು ತಡೆದು ನಿಲ್ಲಿಸುತ್ತಿದ್ದೇವಲ್ಲ ಎಂದು ಪಾಠ ಮಾಡುವಾಗಲೂ ಅನ್ನಿಸುತ್ತಿತ್ತು. ಇಲ್ಲಿ ಇಂಥದ್ದು ಬರಬಹುದೇ?

ದೀಪಕ್_ಮೈಸೂರು

ಸರ್, 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ. ಶಾಲೆಯಿಂದಲೇ ಕ್ರೆಡಿಟ್ ಲೆಕ್ಕ ಇಡುವ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 2023ರಲ್ಲಿ ಬಂತು. ಆದರೆ ಪಿಯುಸಿ ಪಾಠಕ್ಕೆ ಪದವಿಯಲ್ಲಿ ವಿನಾಯಿತಿ ಸಿಗುವ ಕಾಲ ಇನ್ನೂ ಬಂದಿಲ್ಲ. ಹತ್ತಿರದ್ದು ಎಂದರೆ ಮದ್ರಾಸ್ ಐಐಟಿಯ ಆನ್‌ಲೈನ್ ಬಿಎಸ್. ಹನ್ನೆರಡನೇ ತರಗತಿಯಲ್ಲಿರುವಾಗಲೇ ಅರ್ಹತಾ ಹಂತ ದಾಟಿಕೊಳ್ಳಬಹುದು, ಪ್ರವೇಶ ಮಾತ್ರ ಹನ್ನೆರಡು ಮುಗಿದ ಮೇಲೆ.

ಗುರುರಾಜ_ಧಾರವಾಡ

ತಿಳಿಸಿದ್ದಕ್ಕೆ ಧನ್ಯವಾದ. ನಮ್ಮ ರಾಜ್ಯದಲ್ಲಂತೂ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಮಕ್ಕಳು ಯಾವ ಲೆಕ್ಕ ನಂಬಿ ಓದಬೇಕು?

ಚೇತನಾ_ಕರ್ಕ್‌ಲ್ಯಾಂಡ್

ಸ್ವಲ್ಪ ಬೇರೆ ವಿಷಯ, ಆದರೆ ಇಲ್ಲಿಯ ಪೋಷಕರಿಗೆ ಬೇಕಾದದ್ದು. ನನ್ನ ಮಗ ಭಾನುವಾರದ ಕನ್ನಡ ಶಾಲೆಯಲ್ಲಿ ಓದು ಬರಹ ಕಲಿತಿದ್ದ. ಶಾಲಾ ಜಿಲ್ಲೆಯ ಮೂಲಕ ಭಾಷಾ ಸಾಮರ್ಥ್ಯ ಪರೀಕ್ಷೆ ಬರೆದು ಕನ್ನಡಕ್ಕೇ ಹೈಸ್ಕೂಲಿನ ವಿಶ್ವಭಾಷಾ ಕ್ರೆಡಿಟ್ ಪಡೆದ. ನಮ್ಮ ರಾಜ್ಯದಲ್ಲಿ ಹೀಗೆ ನಾಲ್ಕು ಕ್ರೆಡಿಟ್‌ವರೆಗೆ ಸಿಗುತ್ತದೆ. ಸ್ಪ್ಯಾನಿಷ್‌ಗೆ ಕೊಡಬೇಕಿದ್ದ ಎರಡು ವರ್ಷ ಉಳಿಯಿತು, ಆ ಜಾಗದಲ್ಲಿ ಒಂದು ಎಪಿ ಸೇರಿಸಿಕೊಂಡ. ಅಜ್ಜಿಗೆ ಪತ್ರ ಬರೆಯುವ ಹಾಗೆ ಒಂದು ಪ್ರಶ್ನೆ ಇತ್ತಂತೆ, ಪುಟ ತುಂಬಾ ಬರೆದು ಬಂದಿದ್ದ.

ಸುಮಾ_ಬಾಥೆಲ್

ಇದು ನನಗೆ ಗೊತ್ತೇ ಇರಲಿಲ್ಲ! ಮಗಳು ಕನ್ನಡ ಚೆನ್ನಾಗಿ ಓದುತ್ತಾಳೆ, ಬರೆಯುವುದು ನಿಧಾನ. ಆ ಕ್ರೆಡಿಟ್ ಕಾಲೇಜಿಗೂ ಸೇರುತ್ತದೆಯೇ?

ಚೇತನಾ_ಕರ್ಕ್‌ಲ್ಯಾಂಡ್

ಇಲ್ಲ, ಅದು ಹೈಸ್ಕೂಲ್ ಕ್ರೆಡಿಟ್ ಮಾತ್ರ. ಕಾಲೇಜು ಪ್ರವೇಶಕ್ಕೆ ಬೇಕಾದ ವಿದೇಶಿ ಭಾಷೆಯ ಷರತ್ತು ಅದರಿಂದ ಪೂರೈಸುತ್ತದೆಯೇ ಎಂದು ಆಯಾ ಕಾಲೇಜನ್ನು ಕೇಳಬೇಕು.

ವಾಣಿ_ಮಿನ್ನಿಯಾಪೊಲಿಸ್

ನಮ್ಮಲ್ಲಿ ದ್ವಿಭಾಷಾ ಮುದ್ರೆ (ಎರಡು ಭಾಷೆ ಬಲ್ಲವರಿಗೆ ಕೊಡುವ ಮನ್ನಣೆ) ಪಡೆದ ಮಕ್ಕಳಿಗೆ ಮಿನ್ನೆಸೋಟ ಸ್ಟೇಟ್ ವ್ಯವಸ್ಥೆಯ ಕಾಲೇಜುಗಳು ಕಾಲೇಜು ಕ್ರೆಡಿಟ್‌ನ್ನೇ ಕೊಡುತ್ತವೆ. ಕೇಳಿದವರಿಗೆ ಮಾತ್ರ ಸಿಗುತ್ತದೆ, ಹಾಗಾಗಿ ಮರೆಯದೆ ಕೇಳಿ.

ನಿರ್ವಾಹಕರು

ಕನ್ನಡ ಕ್ರೆಡಿಟ್ ಬಗ್ಗೆ ಪ್ರತ್ಯೇಕ ಚರ್ಚೆ ಆರಂಭಿಸಿದರೆ ಎಲ್ಲರಿಗೂ ಉಪಯೋಗ. ಇಲ್ಲಿ ಸುಮಾ ಅವರ ಪ್ರಶ್ನೆಗೆ ಮರಳೋಣ.

ಮಂಜುನಾಥ_ಮೇಷ್ಟ್ರು

ಮೂರನೆಯ ದಾರಿಯನ್ನು ಯಾರೂ ಹೇಳಿಲ್ಲ. ‘ಕಾಲೇಜ್ ಇನ್ ದ ಹೈಸ್ಕೂಲ್’ ಎಂಬುದಿದೆ. ಹೈಸ್ಕೂಲಿನ ಶಿಕ್ಷಕರೇ, ಶಾಲೆಯ ಕೊಠಡಿಯಲ್ಲೇ, ವಿಶ್ವವಿದ್ಯಾಲಯದ ಪಠ್ಯವನ್ನು ಕಲಿಸುತ್ತಾರೆ. ವಿಶ್ವವಿದ್ಯಾಲಯದವರು ಆ ಶಿಕ್ಷಕರಿಗೆ ಒಪ್ಪಿಗೆ ಕೊಟ್ಟಿರುತ್ತಾರೆ. 2023ರಲ್ಲಿ ಶಾಸನಸಭೆ ಮಾಡಿದ ಕಾನೂನಿನಿಂದ ನಮ್ಮ ರಾಜ್ಯದ ಸರ್ಕಾರಿ ಸಂಸ್ಥೆಗಳ ಈ ಪಾಠಗಳಿಗೆ ವಿದ್ಯಾರ್ಥಿಗಳು ಶುಲ್ಕ ಕೊಡಬೇಕಿಲ್ಲ. ನಾಚಿಕೆ ಸ್ವಭಾವದ ಹುಡುಗಿಗೆ ಪರಿಚಯದ ಗೋಡೆಗಳ ನಡುವೆ ಕಾಲೇಜು ಮಟ್ಟದ ಓದು ಸಿಗುತ್ತದೆ. ಆದರೆ ಬಸವರಾಜ್ ಅವರ ಮಗಳಿಗೆ ಆದದ್ದು ಇಲ್ಲೂ ಆಗಬಹುದು, ಖಾಸಗಿಯವರು ಒಪ್ಪದಿರಬಹುದು. ಗ್ರೇಡ್ ಇಲ್ಲಿಯೂ ಕಾಲೇಜು ಟ್ರಾನ್ಸ್‌ಕ್ರಿಪ್ಟ್‌ಗೆ ಹೋಗುತ್ತದೆ.

ಎಪಿಯ ಬಗ್ಗೆಯೂ ಒಂದು ಮಾತು. ವರ್ಷವಿಡೀ ಓದಿದ್ದು ಮೇ ತಿಂಗಳ ಒಂದು ದಿನ, ಸುಮಾರು ಮೂರು ಗಂಟೆಗಳ ಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ. ಪರೀಕ್ಷೆಯ ಭಯ ಇರುವ ಮಗುವಿಗೆ ಅದೂ ಸುಲಭವಲ್ಲ. ನಮ್ಮಲ್ಲಿ ನಾಲ್ಕೈದು ಸಣ್ಣ ಪರೀಕ್ಷೆ, ಮನೆಗೆಲಸ, ಕೊನೆಯ ಪರೀಕ್ಷೆ ಎಲ್ಲ ಸೇರಿ ಗ್ರೇಡ್. ಯಾವ ಮಗುವಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮನೆಯವರೇ ಬಲ್ಲರು.

ರವಿಕಿರಣ_ಸಮಾಮಿಶ್

ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ಎಪಿ ಪರೀಕ್ಷೆಗೆ ಹೆಸರು ಕೊಡುವುದು ಮೇ ತಿಂಗಳಲ್ಲಿ ಅಲ್ಲ, ನವೆಂಬರ್ ಮಧ್ಯದೊಳಗೆ. ಒಂದು ಪರೀಕ್ಷೆಗೆ ಹತ್ತಿರ ಹತ್ತಿರ 100 ಡಾಲರ್. ಒಂದು ಕಾಲೇಜಿಗೆ ಉಚಿತವಾಗಿ ಅಂಕ ಕಳುಹಿಸಲು ಜೂನ್ 20ರೊಳಗೆ ಹೇಳಬೇಕು, ಅಂದರೆ ಅಂಕ ಬರುವ ಮೊದಲೇ. ಅಂಕ ನೋಡಿ ಕಳುಹಿಸಬೇಕೆಂದರೆ ಆ ಉಚಿತ ಅವಕಾಶ ಬಿಡಬೇಕು. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 3 ಬಂದವರಿಗೂ ಕ್ರೆಡಿಟ್ ಕೊಡುವ ನೀತಿ ಮಾಡಬೇಕೆಂದು 2017ರಲ್ಲೇ ಕಾನೂನಾಗಿದೆ. ಆದರೆ ಅದು ಮೇಜರ್‌ಗೆ ಸೇರುತ್ತದೆಯೇ, ಸುಮ್ಮನೆ ಐಚ್ಛಿಕ ಕ್ರೆಡಿಟ್ ಆಗಿ ಉಳಿಯುತ್ತದೆಯೇ ಎಂಬುದು ವಿಷಯಕ್ಕೊಂದು ಬಗೆ.

ಪದ್ಮಾ_ಫ್ರೀಮಾಂಟ್

ಪೂರ್ತಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಶಿಫಾರಸು ಪತ್ರ ಬರೆಯುವವರು ಯಾರು? ಶಾಲೆಯ ಶಿಕ್ಷಕರಿಗೆ ಮುಖವೇ ಮರೆತಿರುತ್ತದೆ.

ಶ್ವೇತಾ_ಟಕೋಮಾ

ನನಗೆ ಬರೆದುಕೊಟ್ಟದ್ದು ಕಾಲೇಜಿನ ಇತಿಹಾಸದ ಪ್ರಾಧ್ಯಾಪಕಿ. ಅವರ ಮೂರು ಪಾಠ ತೆಗೆದುಕೊಂಡಿದ್ದೆ, ಅದರಿಂದಲೇ ಸಾಧ್ಯವಾಯಿತು. ಒಂದು ಕ್ವಾರ್ಟರ್ ಮಾತ್ರ ನೋಡಿದವರು ಬರೆದ ಪತ್ರದಲ್ಲಿ ಜೀವ ಇರುವುದಿಲ್ಲ. ಹಾಗೆಯೇ ಶಾಲೆಯ ರಜೆ, ಕಾಲೇಜಿನ ರಜೆ ಬೇರೆ ಬೇರೆ ವಾರ ಬರುತ್ತದೆ. ನಾನು ಶಾಲೆಯ ವಾದ್ಯವೃಂದ ಬಿಡಬೇಕಾಯಿತು, ಬಸ್ಸಿನ ಸಮಯ ಹೊಂದಲಿಲ್ಲ. ಅದರ ನೋವು ಈಗಲೂ ಇದೆ. ಆದರೂ ಮತ್ತೆ ಕೇಳಿದರೆ ರನ್ನಿಂಗ್ ಸ್ಟಾರ್ಟನ್ನೇ ಆರಿಸುತ್ತೇನೆ. ಪ್ರಶ್ನೆ ಕೇಳಿದರೆ ಯಾರೂ ನಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಬಸವರಾಜ_ಆಸ್ಟಿನ್

ಸುಮಾ ಮೇಡಂ, ಒಂದೇ ಒಂದು ಸಲಹೆ. ಮಗಳು ಹೋಗಬಹುದಾದ ನಾಲ್ಕೈದು ಕಾಲೇಜುಗಳ ಪಟ್ಟಿ ಈಗಲೇ ಮಾಡಿ. ಪ್ರತಿಯೊಂದರ ಜಾಲತಾಣದಲ್ಲಿ ಕ್ರೆಡಿಟ್ ನೀತಿಯ ಪುಟ ಓದಿ. ಸ್ಪಷ್ಟವಾಗದಿದ್ದರೆ ಇಮೇಲ್ ಮಾಡಿ, ಉತ್ತರವನ್ನು ಉಳಿಸಿಕೊಳ್ಳಿ. ಪ್ರತಿ ಪಾಠದ ಪಠ್ಯವಿವರವನ್ನೂ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ಎರಡು ವರ್ಷದ ನಂತರ ಅದನ್ನು ಕೇಳುತ್ತಾರೆ. ಬೇರೆ ರಾಜ್ಯಕ್ಕೆ ಹೋದರೆ ಕ್ವಾರ್ಟರ್ ಕ್ರೆಡಿಟ್ ಮೂರಿದ್ದದ್ದು ಸೆಮಿಸ್ಟರಿನಲ್ಲಿ ಎರಡಾಗುತ್ತದೆ. 5 ಕ್ರೆಡಿಟ್‌ನ ಪಾಠ 3.33 ಆಗಿ, 4 ಕ್ರೆಡಿಟ್ ಬೇಕಿರುವ ಕಡೆ ಸಾಲದೆ ಬರಬಹುದು.

ಸುಮಾ_ಬಾಥೆಲ್

ಎಲ್ಲರಿಗೂ ಕೃತಜ್ಞತೆ. ಇದನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂವರೂ ಕೂತು ಓದಿದೆವು. ವೈದ್ಯೆ ಮೇಡಂ ಬರೆದದ್ದನ್ನು ಮಗಳು ಎರಡು ಸಲ ಓದಿದಳು. ಕೌನ್ಸೆಲರ್ ಹತ್ತಿರವೂ ಹೋಗಿ ಬಂದೆವು.

ಹನ್ನೊಂದನೇ ತರಗತಿಗೆ ಹೀಗೆ ತೀರ್ಮಾನಿಸಿದ್ದೇವೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಎರಡೂ ಶಾಲೆಯಲ್ಲೇ, ಜೀವಶಾಸ್ತ್ರ ಎಪಿ. ಇಂಗ್ಲಿಷ್ 101 (ಕಾಲೇಜಿನ ಮೊದಲ ಬರವಣಿಗೆ ಪಾಠ) ಮಾತ್ರ ರನ್ನಿಂಗ್ ಸ್ಟಾರ್ಟ್‌ನಲ್ಲಿ, ಶರತ್ಕಾಲದ ಕ್ವಾರ್ಟರ್‌ನಲ್ಲಿ. ಬರವಣಿಗೆ ಅವಳಿಗೆ ಇಷ್ಟವಾದ ವಿಷಯ, ಅಲ್ಲಿ ಬಾಗಿಲು ತಟ್ಟಲು ಧೈರ್ಯ ಬರಬಹುದು. ಸರಿಹೋದರೆ ಮುಂದಿನ ಕ್ವಾರ್ಟರ್‌ನಲ್ಲಿ ಇನ್ನೊಂದು. ಪೂರ್ತಿ ಹೋಗುವ ವಿಚಾರ ಹನ್ನೆರಡನೇ ತರಗತಿಗೆ ನೋಡೋಣ ಎಂದು ಅವಳೇ ಹೇಳಿದಳು. ಮನೆಯವರು ಪೂರ್ತಿ ಒಪ್ಪಿಲ್ಲ, ಆದರೆ ನಮೂನೆಗೆ ಸಹಿ ಮಾಡಿದ್ದಾರೆ.

ನಾಗೇಶ್_ರೆಂಟನ್

ಒಳ್ಳೆಯ ತೀರ್ಮಾನ. ಸೀಟಿಗೆ ಹೆಸರು ನೋಂದಾಯಿಸುವ ದಿನಾಂಕ ಕಾಲೇಜಿನಿಂದ ಕಾಲೇಜಿಗೆ ಬೇರೆ, ಇಂಗ್ಲಿಷ್ 101 ಬೇಗ ತುಂಬುತ್ತದೆ. ಕಾಲೇಜಿನ ಇಮೇಲ್ ಖಾತೆ ತೆರೆದು ದಿನವೂ ನೋಡಲು ಹೇಳಿ, ಎಲ್ಲ ಸೂಚನೆ ಬರುವುದು ಅವಳ ಖಾತೆಗೇ.

ಹೊಸಬ_ಎವರೆಟ್

ತಡವಾಗಿ ಓದುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಖಾಸಗಿ ಶಾಲೆಯಲ್ಲಿದ್ದಾನೆ. ಅವನಿಗೂ ರನ್ನಿಂಗ್ ಸ್ಟಾರ್ಟ್ ಸಿಗುತ್ತದೆಯೇ?

ಶ್ವೇತಾ_ಟಕೋಮಾ

ಸರ್ಕಾರಿ ಶಾಲಾ ಜಿಲ್ಲೆಯ ಮೂಲಕವೇ ಸೇರಬೇಕು. ನನ್ನ ಜೊತೆಗೆ ಅಂಥ ಹುಡುಗನೊಬ್ಬನಿದ್ದ, ಜಿಲ್ಲೆಯ ಹೈಸ್ಕೂಲಿನಲ್ಲಿ ಹೆಸರು ಬರೆಸಿ ಬಂದಿದ್ದ. ನಿಮ್ಮ ಮನೆಗೆ ಸೇರಿದ ಜಿಲ್ಲೆಯ ಕಚೇರಿಗೆ ಈ ವಾರವೇ ಫೋನ್ ಮಾಡಿ. ಮಗ ಯಾವ ತರಗತಿ?